ರಟ್ಟಿನ ಇಂಜಿನ್ನು, ಐದು ಸೊನ್ನೆ

ನನ್ನ ಷಡ್ಡಕ ಹೊಸ ಕಾರು ಕೊಂಡ. ಕೊಳ್ಳಲಿ, ಬೇಡ ಎಂದವರು ಯಾರು? ಕೊಂಡವನು ಅದರಲ್ಲಿ ಕೂತು ತನ್ನ ಪಾಡಿಗೆ ತಾನು ಓಡಾಡಿಕೊಂಡಿದ್ದರೆ ಈ ಕಥೆಯೇ ಹುಟ್ಟುತ್ತಿರಲಿಲ್ಲ. ಅದು ಬಿಟ್ಟು, ನಮ್ಮ ಮಾವನವರನ್ನು ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋಗಲು ನಮ್ಮ ಮನೆಗೆ ಬಂದವನು, ನಮ್ಮ ಹಳೇ ಕಾರಿನ ಸುತ್ತ ಒಂದು ಸುತ್ತು ಬಂದು, ಮುಂದಿನ ಚಕ್ರವನ್ನು ಬೂಟುಗಾಲಿನಿಂದ ತಟ್ಟಿ, "ಇದನ್ನಿನ್ನೂ ಗುಜರಿಗೆ ಹಾಕಿಲ್ವಾ?" ಎಂದ.

ನನ್ನ ಪಿತ್ತ ನೆತ್ತಿಗೇರಿತು.

"ಗುಜರಿಗಾ? ಬೇರೆ ಇಂಜಿನ್ ಹಾಕಿಸ್ತಿದ್ದೀನಿ. ದೊಡ್ಡದು. ಎಲ್ಲಾ ಪ್ಲಾನ್ ಆಗಿದೆ," ಎಂದೆ.

ಆ ಪ್ಲಾನಿಗೆ ಆಗ ಸರಿಯಾಗಿ ಒಂದು ನಿಮಿಷ ವಯಸ್ಸಾಗಿತ್ತು. ಆದರೆ ಮಾತು ಬಾಯಿಂದ ಹೊರಟಾಗಿತ್ತಲ್ಲ. ಬಾಗಿಲಲ್ಲಿ ಅಪ್ಪನ ಬ್ಯಾಗು ಹಿಡಿದು ನಿಂತಿದ್ದ ನನ್ನ ಹೆಂಡತಿ ನನ್ನನ್ನು ಒಂದು ನೋಟ ನೋಡಿದಳು. ಮದುವೆಯಾಗಿ ಹತ್ತೊಂಬತ್ತು ವರ್ಷವಾದವರಿಗೆ ಆ ನೋಟದ ಅರ್ಥ ನಾನು ಹೇಳಬೇಕಾಗಿಲ್ಲ.

ನಮ್ಮ ಕಾರಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ. ಅದು ಮಾವನವರ ಟ್ಯಾಕ್ಸಿ. ಮೂವತ್ತೊಂದು ವರ್ಷ ಅವರು ಅದರಲ್ಲೇ ದುಡಿದು ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದವರು. ಅದರ ಕಿಲೋಮೀಟರ್ ಮೀಟರಿನಲ್ಲಿ ಐದೇ ಅಂಕಿ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು ಆದಮೇಲೆ ಮತ್ತೆ ಐದು ಸೊನ್ನೆ. ಹೀಗೆ ಮೂರು ಸಲ ಆಗಿದೆ. ಮೊದಲನೇ ಸಲ, ಹಿಂದೆ ಗೊರಕೆ ಹೊಡೆಯುತ್ತಿದ್ದ ಪ್ರಯಾಣಿಕನನ್ನು "ಸ್ವಾಮಿ, ಏಳಿ, ಲಕ್ಷ ಆಯ್ತು!" ಎಂದು ಎಬ್ಬಿಸಿ ತೋರಿಸಿದರಂತೆ. ಅವನು ಬಾಡಿಗೆ ಲಕ್ಷ ಎಂದುಕೊಂಡು ಬಾಗಿಲು ತೆಗೆದು ಓಡಿದನಂತೆ. ಎರಡನೇ ಸಲ ನನ್ನ ಹೆಂಡತಿ ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಅಪ್ಪನ ತೊಡೆಯ ಮೇಲೆ ಕೂತು ನೋಡಿದ್ದಳು. ಮೂರನೇ ಸಲ ಪಕ್ಕದ ಸೀಟಿನಲ್ಲಿದ್ದವನು ನಾನು. ಅವತ್ತೇ ಅವರು ಬೀಗದ ಕೈ ನನ್ನ ಕೈಗಿಟ್ಟು, "ಅಳಿಯಂದ್ರೇ, ಇನ್ನು ನೀವು ಓಡಿಸಿ. ನಾಲ್ಕನೇ ಸೊನ್ನೆ ಮಾತ್ರ ನನಗೆ ಬಿಡಿ. ಅವತ್ತು ಸ್ಟೇರಿಂಗು ನಂದು," ಎಂದಿದ್ದರು.

ಈಗ ಮೀಟರು 99988ಕ್ಕೆ ಬಂದಿತ್ತು. ಇನ್ನು ಹನ್ನೆರಡು ಕಿಲೋಮೀಟರ್. ಆಮೇಲೂ ಆಗೀಗ ಓಡಿಸುತ್ತಿದ್ದು, ಕಣ್ಣಿಗೆ ಪೊರೆ ಬಂದ ಮೇಲೆ ಒಂದು ವರ್ಷದಿಂದ ಸ್ಟೇರಿಂಗ್ ಮುಟ್ಟದಿದ್ದ ಮಾವ, ಆಪರೇಷನ್ನಿಗೆ ಒಪ್ಪಿದ್ದೇ ಆ ಐದು ಸೊನ್ನೆಯನ್ನು ಕಣ್ಣಾರೆ ನೋಡಲು. ಆಪರೇಷನ್ ಆದಮೇಲೆ ಷಡ್ಡಕನ ಮನೆಯಲ್ಲೇ ಇದ್ದು ಸುಧಾರಿಸಿಕೊಳ್ಳುವುದೆಂದಾಗಿತ್ತು. ಹೊರಡುವ ಮುಂಚೆ ಬಾನೆಟ್ಟಿನ ಮೇಲೆ ಕೈಯಿಟ್ಟು, "ವಾರ ಬಿಟ್ಟು ಭಾನುವಾರ ಬರ್ತೀನಿ, ಕಾದಿರು," ಎಂದು ಕಾರಿಗೆ ಹೇಳಿ ಹೋದರು. ನಮಗೆ ಹೇಳಲಿಲ್ಲ.

ಆದರೆ ಕಾರು ಎಂಟು ತಿಂಗಳಿಂದ ಸೊರಗಿತ್ತು. ನನ್ನ ಕಡೆಯಿಂದ ಒಂದಿಷ್ಟೂ ಕೊರತೆ ಮಾಡಿರಲಿಲ್ಲ ಎಂದು ಎದೆ ತಟ್ಟಿಕೊಂಡು ಹೇಳುತ್ತೇನೆ. ವಾರಕ್ಕೊಮ್ಮೆ ಸ್ನಾನ, ತಿಂಗಳಿಗೊಮ್ಮೆ ಪಾಲಿಶ್, ಸೀಟಿಗೆ ಹೊಸ ಕವರು. ನಮ್ಮ ಕಾರ್ಖಾನೆಯ ಮ್ಯಾನೇಜರ ಕೋಣೆಯಿಂದ ತೆಗೆದುಹಾಕಿದ ದಪ್ಪ ಕಾರ್ಪೆಟ್ಟನ್ನು ಮೂರು ಮಡಿಕೆ ಮಾಡಿ, ಅಂಚು ಹೊಲಿದು, ಡ್ರೈವರ್ ಕಾಲಡಿಗೆ ಅಳತೆಗೆ ಸರಿಯಾಗಿ ಕೂರಿಸಿದ್ದೆ. ರಾಜರ ಕಾಲಿಗೂ ಅಂಥದ್ದು ಸಿಕ್ಕಿರಲಿಕ್ಕಿಲ್ಲ. ಇಷ್ಟು ಮಾಡಿದರೂ ನಮ್ಮ ಬೀದಿಯ ಏರು ಹತ್ತಲು ಅದು ಮುದುಕನಂತೆ ಏದುಸಿರು ಬಿಡುತ್ತಿತ್ತು. ಬೀದಿಯ ತುದಿಯಲ್ಲಿ, ಎತ್ತರದಲ್ಲಿ ನಮ್ಮ ಮನೆ. ಅರ್ಧ ಕಿಲೋಮೀಟರ್ ಕೆಳಗೆ, ಇಳಿಜಾರಿನ ಬುಡದಲ್ಲಿ ಮೇಸ್ತ್ರಿಯ ಗ್ಯಾರೇಜು. ಕೊನೆಕೊನೆಗೆ ಸೈಕಲ್ಲಿನವರು ಗಂಟೆ ಬಾರಿಸಿ ನನ್ನನ್ನು ದಾಟಿ ಹೋಗುತ್ತಿದ್ದರು.

ಮೇಸ್ತ್ರಿಯ ಹತ್ತಿರ ಹೋದೆ. ಅವನ ಗ್ಯಾರೇಜಿನ ಮೂಲೆಯಲ್ಲಿ, ಗುದ್ದಿಕೊಂಡು ನಜ್ಜುಗುಜ್ಜಾದ ಸರಕಿನ ವ್ಯಾನೊಂದರ ಇಂಜಿನ್ನು ಬಿದ್ದಿತ್ತು.

"ಇದು ನಮ್ಮ ಕಾರಿಗೆ ಕೂರುತ್ತಾ?"

ಮೇಸ್ತ್ರಿ ತಲೆ ಕೆರೆದುಕೊಂಡ. "ಕೂತ್ರೂ ಕೂರಬಹುದು, ಕೂರದೆಯೂ ಇರಬಹುದು. ಇಷ್ಟು ಭಾರದ್ದನ್ನ ಹತ್ತು ಸಲ ಎತ್ತಿ ಇಳಿಸಿ ನೋಡೋಕಾಗಲ್ಲ, ಸಾರ್. ಅಳತೆ ತಗೊಂಡು ರಟ್ಟಿನದೊಂದು ಮಾಡ್ಕೊಂಡು ಬನ್ನಿ. ಅದು ಕೂತ್ರೆ ಇದೂ ಕೂರುತ್ತೆ. ಆಮೇಲೆ ಆರ್‌ಟಿಓ ಆಫೀಸಲ್ಲಿ ಪರ್ಮಿಷನ್ ಕೇಳೋಣ."

ರಟ್ಟು! ಈ ಮಾತನ್ನು ಬೇರೆ ಯಾರಿಗಾದರೂ ಹೇಳಿದ್ದರೆ ಎರಡು ಡಬ್ಬ ಅಂಟಿಸಿ ತಂದುಬಿಡುತ್ತಿದ್ದರು. ನಾನು ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕಟಿಂಗ್ ವಿಭಾಗದ ಮುಖ್ಯಸ್ಥ. ಇಪ್ಪತ್ತೆರಡು ವರ್ಷದ ಸರ್ವೀಸು. ಮೂರು ದಿನ ರಜೆ ಹಾಕಿದೆ. ಊಟದ ಮೇಜಿನ ಮೇಲೆ ಇಂಜಿನ್ ಎದ್ದಿತು. ಅದರ ಒಂದೊಂದು ಬೋಲ್ಟಿಗೂ ರಟ್ಟಿನ ಟೋಪಿ, ಕೊಳವೆಗಳಿಗೆ ದಾರದ ಉಂಡೆ ಸುತ್ತುವ ಸುರುಳಿ, ಫ್ಯಾನಿಗೆ ನಿಜವಾಗಿ ತಿರುಗುವ ಎಲೆಗಳು. ಕೊನೆಗೆ ಬೆಳ್ಳಿ ಬಣ್ಣ. ನಾವಿಬ್ಬರೂ ಮೂರು ದಿನ ಅಡಿಗೆಮನೆಯಲ್ಲಿ ನಿಂತುಕೊಂಡೇ ಊಟ ಮಾಡಿದೆವು.

"ಇಷ್ಟು ಚೆನ್ನಾಗಿ ಮಾಡೋದು ಯಾಕೆ? ಅಳತೆ ನೋಡೋಕೆ ತಾನೆ?" ಎಂದಳು ಹೆಂಡತಿ.

"ಕೈ ಕಸುಬು ಅಂದ್ರೆ ಹಾಗೇ ಕಣೇ," ಎಂದೆ.

ಮೇಸ್ತ್ರಿ ಸರಪಳಿ, ರಾಟೆ ತಂದು ನಮ್ಮ ಅಂಗಳದಲ್ಲೇ ಹಳೇ ಇಂಜಿನ್ ಬಿಚ್ಚಿ, "ಹೇಗೂ ಹೊರಗೆ ಬಂತು, ಕಾಯಿಲೆ ಏನು ಅಂತ ನೋಡ್ತೀನಿ," ಎಂದು ತನ್ನ ಜೀಪಿಗೆ ಹೇರಿಕೊಂಡು ಹೋದ. ಗೇರ್‌ಬಾಕ್ಸು, ಚಕ್ರ, ಬ್ರೇಕು ಎಲ್ಲ ಇದ್ದಲ್ಲೇ ಇದ್ದವು. ನಾನು ರಟ್ಟಿನದನ್ನು ಮಗುವನ್ನು ತೊಟ್ಟಿಲಿಗೆ ಹಾಕುವ ಹಾಗೆ ಇಳಿಸಿದೆ. ಕೂತಿತು! ಕೂದಲೆಳೆಯಷ್ಟೂ ಆಚೀಚೆ ಆಗಲಿಲ್ಲ. ಇದನ್ನು ಮೇಸ್ತ್ರಿಗೆ ತೋರಿಸಬೇಕಲ್ಲ? ಹ್ಯಾಂಡ್‌ಬ್ರೇಕ್ ಬಿಟ್ಟೆ. ಕಾರು ಇಳಿಜಾರಿನಲ್ಲಿ ತನ್ನಷ್ಟಕ್ಕೆ ತಾನೇ ಹೊರಟಿತು.

ಎದುರುಮನೆಯಲ್ಲಿ ಒಬ್ಬ ನಿವೃತ್ತ ಹೆಡ್ಮಾಸ್ತರಿದ್ದಾರೆ. ಬೀದಿಯಲ್ಲಿ ಎಲೆ ಉದುರಿದರೂ ಅವರ ಹಾಜರಿ ಪುಸ್ತಕದಲ್ಲಿ ದಾಖಲಾಗಬೇಕು. ಎಂಟು ತಿಂಗಳಿಂದ ನಮ್ಮ ಕಾರಿನ ಗೊರಗೊರ ಕೇಳಿ ಬೇಸತ್ತಿದ್ದ ಆ ಮನುಷ್ಯ, ಕಾರು ಹಾವಿನಂತೆ ಸದ್ದಿಲ್ಲದೆ ತಮ್ಮ ಗೇಟಿನ ಮುಂದೆ ಹಾದುಹೋದದ್ದನ್ನು ಕಂಡು, ಹಿಡಿದಿದ್ದ ಪತ್ರಿಕೆ ಕೆಳಗೆ ಬಿಟ್ಟರು.

ಮೇಸ್ತ್ರಿ ಕಾರು ನೋಡಿ, "ಭಲೇ! ಆದ್ರೆ ಸದ್ಯಕ್ಕೆ ಇಲ್ಲಿ ಜಾಗ ಇಲ್ಲ ಸಾರ್," ಎಂದು ಅದನ್ನು ಜೀಪಿಗೆ ಹಗ್ಗ ಕಟ್ಟಿ, ಒಂದೂವರೆ ಕಿಲೋಮೀಟರಿನ ಹಿಂಬದಿ ರಸ್ತೆಯಿಂದ ಸುತ್ತಿಸಿ ಮನೆಗೆ ತಂದು ಬಿಟ್ಟ. ಹೆಡ್ಮಾಸ್ತರು ಕಾಫಿ ಕುಡಿದು ಹೊರಗೆ ಬಂದರೆ ಕಾರು ತನ್ನ ಜಾಗದಲ್ಲಿ ನಿಂತಿದೆ.

"ಏನ್ರೀ ಇದು! ಯಾವಾಗ ಬಂತು? ನನಗೆ ಗೊತ್ತೇ ಆಗಲಿಲ್ಲ! ಸದ್ದಿಲ್ಲ, ಹೊಗೆ ಇಲ್ಲ!"

ಆಗ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡಬಹುದಾಗಿತ್ತು. ಹೇಳಲು ಬಾಯಿ ತೆರೆದದ್ದೂ ನಿಜ. ಆದರೆ ಹೊರಬಿದ್ದದ್ದು, "ಸುಮ್ನೆ ಇರಿ ಮೇಷ್ಟ್ರೇ, ಇನ್ನೂ ಟ್ರಯಲ್ಲು," ಎಂಬ ಮಾತು. ಜೊತೆಗೆ ಬಾನೆಟ್ಟು ಕೂಡ ಎತ್ತಿ ತೋರಿಸಿದೆ. ಬೆಳ್ಳಿ ಬಣ್ಣ ಬಿಸಿಲಿಗೆ ಫಳಫಳ ಹೊಳೆಯಿತು. ಹೆಡ್ಮಾಸ್ತರು ಮೂಗಿನ ಮೇಲೆ ಬೆರಳಿಟ್ಟರು. ನಲವತ್ತು ವರ್ಷ ಮಕ್ಕಳಿಗೆ ವಿಜ್ಞಾನ ಕಲಿಸಿದ ಬೆರಳದು.

ಮರುದಿನ ಅವರನ್ನು ಒಂದು ಸುತ್ತು ಕರೆದುಕೊಂಡು ಹೋಗಲೇಬೇಕಾಯಿತು. ಇಳಿಜಾರಿನಲ್ಲಿ ಸುಯ್ಯೆಂದು ಇಳಿದು, ಬುಡದಲ್ಲಿ ನಿಲ್ಲಿಸಿ, "ನೀವು ನಡೆದು ವಾಪಸ್ ಹೋಗ್ತಿರಿ, ನಿಮ್ಮ ಶುಗರಿಗೆ ಒಳ್ಳೇದು," ಎಂದೆ. ಹೌದೆಂದು ಹೋದರು. ಆಮೇಲೆ ಜೀಪು, ಹಗ್ಗ, ಹಿಂಬದಿ ರಸ್ತೆ. ಸುಮ್ಮನಾದರೇ? ಪಾರ್ಕಿನ ಬೆಂಚಿನ ಮೇಲೆ ಕೂರುವ ತಮ್ಮ ನಿವೃತ್ತರ ಬಳಗಕ್ಕೆಲ್ಲ ಹೇಳಿಬಿಟ್ಟರು. ಅವರು ಬಂದರು, ಕೂತರು, ಇಳಿಜಾರು ಇಳಿದರು, ಬೆಲ್ಲದ ಪಾಕದ ಹಾಗಿದೆ ಎಂದು ಹೊಗಳಿ ನಡೆದುಕೊಂಡು ಮನೆಗೆ ಹೋದರು. ಹೀಗೆ ಮೂರು ತಂಡ, ಮೂರು ಸುತ್ತು. ನಾನು ನಿಜವಾಗಿ ಬಹಳ ಖುಷಿಯಲ್ಲಿದ್ದೆ.

ಶುಕ್ರವಾರ ಸಂಜೆ ಕಾರಿನ ಗಾಜು ಒರೆಸುತ್ತಿದ್ದ ಹೆಂಡತಿ ಚೀರಿದಳು.

"ರೀ! ಬನ್ನಿ ಇಲ್ಲಿ! ಮೀಟರ್ ನೋಡಿ!"

ನೋಡಿದೆ. 99998.

"ಚಕ್ರ ತಿರುಗಿದ್ರೆ ಮೀಟರೂ ತಿರುಗುತ್ತೆ ಅಂತ ನಿಮಗೆ ಗೊತ್ತಿಲ್ವಾ? ಇಂಜಿನ್ ಇರಲಿ ಬಿಡಲಿ! ಒಂದು ಸುತ್ತಿಗೆ ಎರಡು ಕಿಲೋಮೀಟರ್! ಐದು ಸುತ್ತಿಗೆ ಹತ್ತು! ಇನ್ನು ಎರಡೇ ಎರಡು ಉಳಿದಿದೆ! ಅಪ್ಪ ಯಾವುದಕ್ಕೋಸ್ಕರ ಕಣ್ಣು ಕೊಯ್ಸಿಕೊಂಡ್ರೋ ಅದು ರಟ್ಟಿನ ಡಬ್ಬ ಇಟ್ಕೊಂಡು, ಹಗ್ಗ ಕಟ್ಟಿಸ್ಕೊಂಡು ಆಗ್ಬೇಕಾ?"

ಅಷ್ಟರಲ್ಲಿ ಫೋನು. ನನ್ನ ಷಡ್ಡಕ.

"ಏನಯ್ಯಾ, ಹೊಸ ಇಂಜಿನ್ ಆಗಲೇ ಕೂರಿಸಿದೀಯಂತೆ? ನಿಮ್ಮ ಬೀದಿಯವರೊಬ್ಬರು ಸಿಕ್ಕಿದ್ರು, ಬೆಲ್ಲದ ಪಾಕ ಅಂತಿದ್ರು. ಮಾವಂಗೂ ಹೇಳಿದೆ."

"ಮಾವಂಗೆ ಯಾಕೆ ಹೇಳಿದೆ? ಏನಂದ್ರು?"

"ಊಟ ಬಿಟ್ಟು ಎದ್ರು. ಆಮೇಲೆ, 'ಬೇರೆ ಇಂಜಿನ್ ಓಡಿದ್ದು ನಂದಲ್ಲ, ನಾಲ್ಕನೇದು ನನಗೆ ಬರಲಿಲ್ಲ,' ಅಂದ್ರು. ನಾಳೇನೇ ಕರ್ಕೊಂಡು ಹೋಗು ಅಂತ ಹಟ ಹಿಡಿದಿದ್ದಾರೆ."

ನನ್ನ ಹೆಂಡತಿ ಫೋನಿನ ಆ ಕಡೆಯ ಮಾತೆಲ್ಲ ಕೇಳಿಸಿಕೊಂಡಿದ್ದಳು. ಸೆರಗಿನಿಂದ ಕಣ್ಣೊರೆಸಿಕೊಂಡು ಎರಡು ಇಟ್ಟಿಗೆ ತಂದು ಕಾರಿನ ಚಕ್ರಕ್ಕೆ ಅಡ್ಡ ಇಟ್ಟಳು.

ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಗೇಟಿನ ಸದ್ದಾಯಿತು. ಖಾಕಿ ಬಟ್ಟೆ, ಕಂಕುಳಲ್ಲಿ ಫೈಲು. ಮೋಟಾರು ವಾಹನ ಇನ್ಸ್‌ಪೆಕ್ಟರು. ಅವರ ಹಿಂದೆ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಹುಮಾನ ವಿತರಣೆಗೆ ಬಂದವರಂತೆ ನಗುತ್ತ ಹೆಡ್ಮಾಸ್ತರು.

"ನಾನೇ ಇಲಾಖೆಗೆ ಪತ್ರ ಬರೆದೆ! ಇಂಥ ಪ್ರತಿಭೆ ಬೀದಿಯಲ್ಲಿ ಕೊಳೀಬಾರದು ಅಂತ!"

ಇನ್ಸ್‌ಪೆಕ್ಟರು ನಗಲಿಲ್ಲ. "ಇಂಜಿನ್ ಬದಲಾಯಿಸೋಕೆ ಮುಂಚೆ ಇಲಾಖೆ ಅನುಮತಿ ಬೇಕು ಅಂತ ಗೊತ್ತಿಲ್ವೇನ್ರೀ? ಗಾಡೀನ ಇವತ್ತೇ ಎತ್ತಿಸ್ಬೇಕಾಗುತ್ತೆ. ಬಾನೆಟ್ ತೆಗೀರಿ."

ತೆಗೆದೆ. ಇನ್ಸ್‌ಪೆಕ್ಟರು ಕನ್ನಡಕ ಹಾಕಿಕೊಂಡು ಬಗ್ಗಿದರು. ಅವರ ಹುಬ್ಬು ಮೇಲೇರಿತು. "ಒಳ್ಳೇ ಫಿನಿಶಿಂಗು. ಫಾರಿನ್ ಮಾಲು ಅನ್ಸುತ್ತೆ. ನಂಬರ್ ಎಲ್ಲಿದೆ? ಹಾಂ, ಇಲ್ಲಿದೆ." ಪಕ್ಕದಲ್ಲಿ ಬಣ್ಣ ತೆಳ್ಳಗಾದ ಕಡೆ ನಮ್ಮ ಕಾರ್ಖಾನೆಯ ಮುದ್ರೆ ಇಣುಕುತ್ತಿತ್ತು. ಅವರು ಗಟ್ಟಿಯಾಗಿ ಓದುತ್ತಾ ಬರೆದುಕೊಂಡರು. "ಬಿ... ನಾಲ್ಕು ಸೊನ್ನೆ ಏಳು... ಇನ್ನೇನೋ ಇದೆ... 'ಈ ಭಾಗ ಮೇಲಿರಲಿ'... ಸರಿ, ಇದು ಜೋಡಿಸೋರಿಗೆ ಸೂಚನೆ... 'ಮಳೆಗೆ ಒಡ್ಡಬೇಡಿ'..." ಅಲ್ಲಿ ಪೆನ್ನು ಒಂದು ಕ್ಷಣ ನಿಂತಿತು. ಆದರೆ ಸರ್ಕಾರಿ ಪೆನ್ನು ನೋಡಿ, ಹೊರಟ ಮೇಲೆ ನಿಲ್ಲುವುದಿಲ್ಲ. ಅದನ್ನೂ ಬರೆದುಕೊಂಡರು. "ಸರಿ. ಸ್ಟಾರ್ಟ್ ಮಾಡಿ, ಒಂದು ಸುತ್ತು ಹೋಗೋಣ."

"ಒಂದು ಗಾಲಿ ಅಲ್ಲಾಡಿದ್ರೂ ನೋಡಿ ಮತ್ತೆ!" ನನ್ನ ಹೆಂಡತಿ ಕಾರಿನ ಮುಂದೆ ಎರಡು ಕೈ ಚಾಚಿ ನಿಂತಳು.

"ಏನಮ್ಮ, ಸರ್ಕಾರಿ ಕೆಲಸಕ್ಕೆ ಅಡ್ಡಿ ಮಾಡ್ತೀರಾ?"

"ಹೂಂ, ಮಾಡ್ತೀನಿ!"

ಇದೇ ಹೊತ್ತಿಗೆ ಷಡ್ಡಕನ ಹೊಸ ಕಾರು ಬಂದು ನಿಂತಿತು. ಕಪ್ಪು ಕನ್ನಡಕ ಹಾಕಿದ ಮಾವ ಕೋಲೂರಿಕೊಂಡು ಇಳಿದರು. ನೇರ ಬಾನೆಟ್ಟಿನ ಹತ್ತಿರ ಬಂದು, ಒಳಗೆ ಕೈಯಿಟ್ಟರು. ತಣ್ಣಗಿತ್ತು. ಇಂಜಿನ್ನಿನ ನೆತ್ತಿಗೆ ಬೆರಳಿಂದ ಬಡಿದರು. ಡಬ್ ಡಬ್ ಎಂದಿತು. ಕನ್ನಡಕ ತೆಗೆದು ಕಣ್ಣು ಕಿರಿದು ಮಾಡಿ ನೋಡಿದರು. ಆಮೇಲೆ ಕೋಲೆತ್ತಿ ಮೆಲ್ಲಗೆ ಒಂದು ತಿವಿದರು.

ಕೋಲು ಇಂಜಿನ್ನಿನ ಒಳಗೆ ಹೋಗಿ ಆ ಕಡೆಯಿಂದ ಹೊರಬಂತು.

ಇನ್ಸ್‌ಪೆಕ್ಟರು ತಾವು ಬರೆದುಕೊಂಡಿದ್ದನ್ನು ಇನ್ನೊಮ್ಮೆ ಓದಿಕೊಂಡು ನಿಧಾನವಾಗಿ ಫೈಲು ಮುಚ್ಚಿದರು.

"ಹಾಗಾದ್ರೆ," ಹೆಡ್ಮಾಸ್ತರು ಆ ತೂತನ್ನೇ ನೋಡುತ್ತ ಕೇಳಿದರು, "ಮೊನ್ನೆ ನಾನು ಕೂತು ಹೋಗಿದ್ದು ಯಾವುದರ ಮೇಲೆ?"

"ಇಳಿಜಾರಿನ ಮೇಲೆ, ಮೇಷ್ಟ್ರೇ," ಎಂದೆ. "ನೀವೇ ಪಾಠ ಮಾಡ್ತಿದ್ರಲ್ಲ, ಗುರುತ್ವಾಕರ್ಷಣೆ."

ಮಾವನವರಿಗೆ ಅದಾವುದೂ ಬೇಕಿರಲಿಲ್ಲ. "ಅಳಿಯಂದ್ರೇ, ನನ್ನ ಇಂಜಿನ್ ಎಲ್ಲಿ? ಮಾರಿಬಿಟ್ರಾ?"

"ಅಯ್ಯೋ ಇಲ್ಲ ಮಾವ! ಕೆಳಗೆ ಗ್ಯಾರೇಜಲ್ಲಿದೆ. ಹೊಸದಿನ್ನೂ ತಗೊಂಡೇ ಇಲ್ಲ. ಇದು ಬರೀ ಅಳತೆಗೆ. ಮೀಟರಲ್ಲಿ ಇನ್ನೂ ಎರಡು ಉಳಿದಿದೆ. ತಪ್ಪಾಯ್ತು."

ಎರಡು ಉಳಿದಿದೆ ಎಂದ ಕೂಡಲೇ ಆ ಮುದುಕರ ಮುಖ ಅರಳಿದ್ದು ನೋಡಬೇಕಾಗಿತ್ತು. ಕೋಲನ್ನು ಇಂಜಿನ್ನಿನಲ್ಲೇ ಬಿಟ್ಟು ನನ್ನ ಎರಡೂ ಕೈ ಹಿಡಿದುಕೊಂಡರು.

ಮೇಸ್ತ್ರಿಯನ್ನು ಕರೆಸಿದ್ದಾಯಿತು. ಹಳೇ ಇಂಜಿನ್ನನ್ನು ಜೀಪಿನಲ್ಲಿ ಹೇರಿಕೊಂಡೇ ಬಂದವನು, "ನಾನೂ ಅದನ್ನೇ ಹೇಳ್ಬೇಕು ಅಂತಿದ್ದೆ ಸಾರ್. ಪೂರ್ತಿ ಬಿಚ್ಚಿ ನೋಡ್ದೆ, ಇದಕ್ಕೆ ಏನೂ ಆಗಿಲ್ಲ. ಕಲ್ಲುಗುಂಡು! ಇನ್ನೊಂದು ಲಕ್ಷ ಓಡುತ್ತೆ," ಎಂದ.

"ಮತ್ತೆ ಏರು ಯಾಕೆ ಹತ್ತಲ್ಲ?" ಎಂದರು ಇನ್ಸ್‌ಪೆಕ್ಟರು. ನನ್ನ ಬಾಯಿಂದ ಪೂರ್ತಿ ಕಥೆ ಕೇಳಿದ ಅವರೂ ಈಗ ಟೋಪಿ ತೆಗೆದಿಟ್ಟು ನಮ್ಮ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು. ರಟ್ಟಿನ ಇಂಜಿನ್ ಇಟ್ಟುಕೊಳ್ಳಬಾರದು ಎಂದು ಯಾವ ಕಾಯಿದೆಯಲ್ಲೂ ಬರೆದಿಲ್ಲವಂತೆ.

ಮಾವ ಒಂದು ವರ್ಷದ ಮೇಲೆ ಡ್ರೈವರ್ ಸೀಟಿನಲ್ಲಿ ಕೂತರು. ಸ್ಟೇರಿಂಗು ಸವರಿದರು. ಕಾಲು ಎಕ್ಸಿಲರೇಟರಿನ ಮೇಲಿಟ್ಟು ಒತ್ತಿದರು. ಕಾಲೆತ್ತಿದರು. ಮತ್ತೆ ಒತ್ತಿದರು.

"ಅಳಿಯಂದ್ರೇ, ಇದೇನು ಕಾಲಡಿ ಹಾಸಿಗೆ?"

"ಕಾರ್ಪೆಟ್ಟು ಮಾವ. ಮ್ಯಾನೇಜರ್ ರೂಮಿಂದು. ಮೂರು ಮಡಿಕೆ. ನಾನೇ..."

ಹೇಳುತ್ತ ಹೇಳುತ್ತ ನನ್ನ ಮಾತು ಸಣ್ಣಗಾಯಿತು. ಮಾವ ಬಗ್ಗಿ, ನಾನು ಕೂದಲೆಳೆ ಅಳತೆಗೆ ಕೂರಿಸಿದ್ದ ಆ ರಾಜಗಾಂಭೀರ್ಯದ ಕಾರ್ಪೆಟ್ಟನ್ನು ಕಿತ್ತು ಹೊರಗೆಸೆದರು. ಎಕ್ಸಿಲರೇಟರು ಎಂಟು ತಿಂಗಳಲ್ಲಿ ಮೊದಲ ಸಲ ನೆಲ ಮುಟ್ಟಿತು.

"ಪೆಡಲ್ಲು ಅರ್ಧಕ್ಕೇ ನಿಲ್ತಿತ್ತು. ಕಾರು ಏನು ಮಾಡುತ್ತೆ ಪಾಪ," ಎಂದರು.

ಮೊದಲು ನಕ್ಕವಳು ನನ್ನ ಹೆಂಡತಿ. ಮೆಟ್ಟಿಲ ಮೇಲೆ ಕುಸಿದು ಕೂತು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಮೇಸ್ತ್ರಿ, ಆಮೇಲೆ ಇನ್ಸ್‌ಪೆಕ್ಟರು. ಕೊನೆಗೆ ಹೆಡ್ಮಾಸ್ತರೂ ನಕ್ಕರು. ಕಾರ್ಪೆಟ್ಟಿನ ಕಡೆ ಬೆರಳು ತೋರಿಸಿ, "ಅಂಚು ಮಾತ್ರ ಬಹಳ ಚೆನ್ನಾಗಿ ಹೊಲಿದಿದ್ದೀರಿ," ಎಂದರು. ನಾನೂ ನಕ್ಕೆ. ಬೇರೆ ದಾರಿ ಇರಲಿಲ್ಲ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹಳೇ ಇಂಜಿನ್ನು ತನ್ನ ಮನೆ ಸೇರಿತು. ಬೀದಿಯವರೆಲ್ಲ ಗೇಟುಗಳಲ್ಲಿ ನಿಂತಿದ್ದರು. ರಜೆಯ ದಿನವಾದರೂ ಇನ್ಸ್‌ಪೆಕ್ಟರು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಸ್ಟೇರಿಂಗಿನಲ್ಲಿ ಮಾವ, ಪಕ್ಕದಲ್ಲಿ ಮಗಳು, ಹಿಂದೆ ನಾನು, ಷಡ್ಡಕ. ಮಾವ ಕಣ್ಣಿನ ಡಾಕ್ಟರಿಂದ ಫೋನಿನಲ್ಲೇ ಒಪ್ಪಿಗೆ ಪಡೆದು, "ನಮ್ಮ ಬೀದಿ ಬಿಟ್ಟು ಆಚೆ ಹೋಗಲ್ಲ," ಎಂದು ಮಾತು ಕೊಟ್ಟಿದ್ದರು. ಎರಡು ಸಲ ಇಳಿದು ಎರಡು ಸಲ ಹತ್ತಿದರೆ ಲೆಕ್ಕ ಸರಿಹೋಗುತ್ತದೆ.

ಬೀಗದ ಕೈ ತಿರುಗಿಸಿದರು. ಗೊರ್‍ರ್ ಎಂದು ಇಡೀ ಬೀದಿ ನಡುಗಿತು. ಹೆಡ್ಮಾಸ್ತರು ಸಂತೋಷದಿಂದ ಕಿವಿ ಮುಚ್ಚಿಕೊಂಡರು. ಇಳಿದೆವು, ಹತ್ತಿದೆವು. ಏನು ಹತ್ತುವುದು ಅಂತೀರಿ, ಸೈಕಲ್ಲಿನವರು ಬೆಪ್ಪಾಗಿ ಪಕ್ಕಕ್ಕೆ ಸರಿದರು! ಇನ್ನೊಮ್ಮೆ ಇಳಿದೆವು. ಕೊನೆಯ ಸಲ ಹತ್ತುವಾಗ ಮಾವ ವೇಗ ತಗ್ಗಿಸಿದರು. ನಮ್ಮ ಮನೆಯ ಮುಂದೆ ಐದು ಒಂಬತ್ತುಗಳೂ ಒಟ್ಟಿಗೆ ಮೆಲ್ಲಗೆ ತಲೆ ಬಾಗಿಸಿದವು. ಐದು ಸೊನ್ನೆ ಸಾಲಾಗಿ ಬಂದು ನಿಂತವು.

"ಅಪ್ಪಾ, ಕಾಣ್ತಾ?" ಎಂದಳು ನನ್ನ ಹೆಂಡತಿ.

"ಒಂದೊಂದೂ ಕಾಣ್ತು ಮಗಳೇ," ಎಂದರು ಮಾವ. ಹೊಸ ಕಣ್ಣು ತುಂಬಿ ಬಂದಿತ್ತು. ನನ್ನದೂ ಅಷ್ಟೇ. ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಕಾರಿಂದ ಇಳಿದ ಮಾವ ಕಣ್ಣೊರೆಸಿಕೊಂಡು, ಪಕ್ಕದಲ್ಲಿ ನಿಂತಿದ್ದ ಷಡ್ಡಕನ ಕಾರಿನ ಕಡೆ ತಿರುಗಿದರು.

"ದೊಡ್ಡ ಅಳಿಯಂದ್ರೇ, ನಿಮ್ಮದು ಎಷ್ಟು ಓಡಿದೆ?"

"ಆರುನೂರ ಹನ್ನೆರಡು, ಮಾವ," ಎಂದ ಷಡ್ಡಕ ಹೆಮ್ಮೆಯಿಂದ.

ಮಾವ ನಮ್ಮ ಮೀಟರಿನ ಐದು ಸೊನ್ನೆಯನ್ನು ಇನ್ನೊಮ್ಮೆ ಬಗ್ಗಿ ನೋಡಿದರು. ಆಮೇಲೆ ಹೊಸ ಕಾರಿನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, ಮುಂದಿನ ಚಕ್ರವನ್ನು ಕಾಲಿನಿಂದ ತಟ್ಟಿದರು.

"ಇದನ್ನಿನ್ನೂ ಗುಜರಿಗೆ ಹಾಕಿಲ್ವಾ?"